ಯಜಮಾನರ ಅಪ್‌ಗ್ರೇಡ್

ಆಸ್ಪತ್ರೆಗಳಿಗೆ ರಕ್ತದಾನಿಗಳನ್ನು ಹುಡುಕಿಕೊಡುವ ಸರ್ವರ್‌ಗಳ ಅಪ್‌ಗ್ರೇಡ್ ಬಂತೆಂದರೆ, ಆಫೀಸಿನವರು 'ಯಜಮಾನರು' ಎಂದೇ ಕರೆಯುವ ಆ ಇಂಜಿನಿಯರಿಗೆ ಮಗಳ ಮದುವೆಯ ಗತ್ತು. ಕಾರಿಡಾರಿನಲ್ಲಿ ಯಾರಾದರೂ ನಕ್ಕರೆ, ಒಳಗೆ ಆಪರೇಷನ್ ನಡೆಯುತ್ತಿದೆಯೆಂಬಂತೆ "ಶ್!" ಎನ್ನುತ್ತಾರೆ. ಒಂದು ಸರ್ವರ್ ನಿಲ್ಲಿಸಿ, ಹೊಸ ಆವೃತ್ತಿ ಹಾಕಿ, ಅದು ಮತ್ತೆ ಜೊತೆಗಾರರನ್ನು ಸೇರಿ ಪರದೆ ಹಸಿರಾಗುವವರೆಗೆ ಇನ್ನೊಂದನ್ನು ಮುಟ್ಟರು. "ಎಲ್ಲಾ ಒಂದೇ ಸಲ ಮುಗಿಸಬಾರದೇನ್ರೀ?" ಎಂದು ಮ್ಯಾನೇಜರ್ ಗೊಣಗಿದರೆ, "ಮನೆಮಂದಿಯೆಲ್ಲ ಒಟ್ಟಿಗೆ ಸ್ನಾನಕ್ಕೆ ಹೋದ್ರೆ ಬಾಗಿಲು ತೆಗೆಯೋರ್ಯಾರು ಸ್ವಾಮಿ?" ಎಂದು ಬಾಯಿ ಮುಚ್ಚಿಸುತ್ತಾರೆ. ಕಾಫಿ ತಂದವನಿಗೂ ತಮ್ಮ ಸಾಹಸ ಒಪ್ಪಿಸದೆ ಬಿಡುವವರಲ್ಲ. ನಡುನಡುವೆ ಆಸ್ಪತ್ರೆಯ ನರ್ಸಮ್ಮನಿಗೆ ಫೋನ್ ಮಾಡುವಾಗ ಮಾತ್ರ ದನಿ ತಗ್ಗುತ್ತದೆ: "ಸಿಸ್ಟರ್, ಹುಡುಕಿದ್ರೆ ದಾನಿಗಳು ಸಿಗ್ತಿದ್ದಾರಾ?" "ಈಗಷ್ಟೇ ಒಬ್ರು ಸಿಕ್ಕಿದ್ರಣ್ಣ, ಮಗು ಬಚಾವಾಯ್ತು. ಯಾಕೆ, ಅಲ್ಲೇನಾದ್ರೂ ಕೆಲಸ ನಡೀತಿದ್ಯಾ?" "ಏನಿಲ್ಲಮ್ಮ, ಸುಮ್ನೆ ಕೂತಿದ್ದೆ" ಎನ್ನುತ್ತಾರೆ ಯಜಮಾನರು.