ಉರಿಯೂತಕ್ಕೆ ಎಳನೀರು

ನಮ್ಮ ಕಡೆ ಯಾವ ಕಾಯಿಲೆಯಾದರೂ ಎರಡೇ ಮನೆತನಕ್ಕೆ ಸೇರಿದ್ದು: ಒಂದು ಉಷ್ಣ, ಇನ್ನೊಂದು ಶೀತ. ಕಣ್ಣು ಕೆಂಪಾದರೆ ಉಷ್ಣ, ಮೂಗು ಸೋರಿದರೆ ಶೀತ. ನೆತ್ತಿಗೆ ಹರಳೆಣ್ಣೆಯೋ ಹೊಟ್ಟೆಗೆ ಶುಂಠಿ ಕಷಾಯವೋ ಎಂಬುದನ್ನು ಕೊಟ್ಟೂರಿನ ಯಾವ ಹೆಣ್ಣುಮಗಳಾದರೂ ಒಲೆ ಮುಂದಿನಿಂದ ಏಳದೆಯೇ ಹೇಳಬಲ್ಲಳು. ಹಾಗಾಗಿ ದಾವಣಗೆರೆಯ ಡಾಕ್ಟರು ‘ಉರಿಯೂತ’ ಎಂದಾಗ ನನಗೂ ಅದು ಉಷ್ಣದ ದೊಡ್ಡಣ್ಣ ಎಂದೇ ತೋರಿತು.

ನಮ್ಮ ಮನೆಯವರ ಎರಡೂ ಮೂತ್ರಪಿಂಡ ಸೋತು, ಡಯಾಲಿಸಿಸ್ಸಿಗೆಂದು ಬಸ್ಸಿನಲ್ಲಿ ಓಡಾಡುತ್ತಿದ್ದ ದಿನಗಳು ಅವು. ಅದಕ್ಕಿಂತ ಹೆಚ್ಚಾಗಿ ಅವರನ್ನು ಕರಗಿಸಿದ್ದು ಊಟ ಸೇರದಿರುವುದು. ರೊಟ್ಟಿಯ ಅಂಚು ಮುರಿದು ಕೈ ತೊಳೆದುಬಿಡುತ್ತಿದ್ದರು. ಡಾಕ್ಟರು ಬಿಡಿಸಿ ಹೇಳಿದರು: ಈ ಉರಿ ಮುಟ್ಟಿದರೆ ಸಿಗುವ ಜ್ವರವಲ್ಲ, ಒಳಗೇ ಇದ್ದು ಹಸಿವನ್ನೂ ಮೈಯನ್ನೂ ತಿನ್ನುತ್ತದೆ. ಇಂಥವರಿಗೆಂದೇ ಮಾಡಿದ ಪ್ರೋಟೀನ್ ಪುಡಿ ಬರೆದುಕೊಟ್ಟು, ಇದು ಉರಿ ಆರಿಸಲಿಕ್ಕಿಲ್ಲ, ಸವೆದದ್ದನ್ನು ಒಂದಿಷ್ಟು ತುಂಬೀತು, ಹೀಗೇ ಇಳಿದರೆ ಉಳಿಯುವುದು ಕಷ್ಟ ಎಂದರು. ಎಳನೀರು ಮಾತ್ರ ಬೇಡ, ಅದರಲ್ಲಿನ ಪೊಟ್ಯಾಸಿಯಂ ಇವರ ಎದೆಬಡಿತವನ್ನೇ ನಿಲ್ಲಿಸೀತು ಎಂದೂ ಎಚ್ಚರಿಸಿದರು. ಆ ಪುಡಿಯ ವಾಸನೆಗೆ ಇವರು ಮುಖ ತಿರುಗಿಸಿದರು. ಡಬ್ಬಿ ದೇವರ ಜಗುಲಿಯ ಪಕ್ಕ ಸುಮ್ಮನೆ ಕೂತಿತು.

ಅಷ್ಟರಲ್ಲಿ ಕೂಡ್ಲಿಗಿಯಿಂದ ನನ್ನ ದೊಡ್ಡ ನಾದಿನಿ ಗೌರಕ್ಕ ಬಂದರು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಬೆಳೆಸಿದವರು. ಉರಿಯೂತ ಎಂಬ ಸುದ್ದಿ ಅವರಿಗೆ ಮುಟ್ಟಿತ್ತು. ಚೀಲದ ತುಂಬ ಎಳನೀರು. ನಾನು ಡಾಕ್ಟರ ಮಾತು ಹೇಳಿದೆ. ಅವರು ಕಾಯಿ ಕೆತ್ತುತ್ತಲೇ ಇದ್ದರು.

“ಮೈಯಾಗ ಉರಿ ಐತಿ ಅಂತ ಡಾಕ್ಟ್ರೇ ಹೇಳ್ಯಾರಲ್ಲವಾ. ಉರಿಗೆ ಯಾರಾರ ಪುಡಿ ಉಗ್ಗತಾರೇನು?”

ಲೋಟ ತುಂಬಿ ತಮ್ಮನಿಗೆ ಹಿಡಿದರು. ದಿನವಿಡೀ ಡಾಕ್ಟರು ಗೊತ್ತುಮಾಡಿದ ಅಳತೆಯ ನೀರಿನಲ್ಲಿ ಬದುಕುವ ಮನುಷ್ಯ, ತುಟಿಗಳು ಒಡೆದುಹೋಗಿದ್ದವು. ಇವರು ಲೋಟ ಕೈಗೆ ತೆಗೆದುಕೊಂಡೇಬಿಟ್ಟರು. ಅಕ್ಕನ ಪ್ರೀತಿಯನ್ನು ಕಿತ್ತುಕೊಳ್ಳುವುದು ಹೇಗೆ? ಶಿವನೇ ಎಂದು ಒಂದು ಹೆಜ್ಜೆ ಮುಂದಿಟ್ಟೆ.

ಇವರು ಲೋಟವನ್ನು ತೀರ್ಥದಂತೆ ಕಣ್ಣಿಗೊತ್ತಿಕೊಂಡು ಅಕ್ಕನಿಗೇ ಮರಳಿಸಿದರು.

“ನೀನ ಕುಡಿಯಕ್ಕಾ, ಬಿಸಿಲಾಗ ಬಂದೀದಿ. ನಿನ್ನ ಹೊಟ್ಟಿ ತಣ್ಣಗಿದ್ರ ನಾನೂ ತಣ್ಣಗಿರ್ತೀನಿ. ನಂಗ ಆ ಪುಡಿನ ಕಲಸಿ ಕೊಡು.”

ಗೌರಕ್ಕ ಲೋಟ ಕೆಳಗಿಟ್ಟರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮೆತ್ತನೆಯ ಅನ್ನಕ್ಕೆ ಪುಡಿ ಬೆರೆಸಿ ತುತ್ತು ಮಾಡಿ ಬಾಯಿಗಿಟ್ಟರು. ಇವರು ನುಂಗಿದರು, ಮತ್ತೊಂದಕ್ಕೆ ಬಾಯಿ ತೆರೆದರು, ಆಮೇಲೆ ಮುಖ ಸಿಂಡರಿಸಿ, “ಏನಕ್ಕಾ ಇದು, ಗ್ವಾಡಿಗೆ ಹಚ್ಚೋ ಸುಣ್ಣ ಇದ್ದಂಗ ಐತಿ” ಎಂದರು.

ಇವರು ಊಟಕ್ಕೆ ಹೆಸರಿಟ್ಟು, ರುಚಿಯಲ್ಲಿ ಕೊಂಕು ತೆಗೆದು ಎಷ್ಟು ಕಾಲವಾಗಿತ್ತು! ಹೆಸರಿಡುವುದಕ್ಕೂ ನಾಲಿಗೆಯಲ್ಲಿ ಜೀವವಿರಬೇಕು. ಒಳಗೆ ಹೋಗಿ ಊದಿನಕಡ್ಡಿ ಹಚ್ಚಿದೆ. ಗಂಡ ಊಟಕ್ಕೆ ಹೆಸರಿಟ್ಟನೆಂದು ದೇವರಿಗೆ ಕೈ ಮುಗಿದ ಹೆಂಗಸು ಕೊಟ್ಟೂರಿನಲ್ಲಿ ನಾನೊಬ್ಬಳೇ ಇರಬೇಕು.