ಶೇಖಪ್ಪನ ವಿಮರ್ಶೆ ಮತ್ತು ಶನಿಗ್ರಹದ ಆಳುಗಳು

ದಾಂಡೇಲಿಯ ಕಾಗದದ ಗಿರಣಿಯಲ್ಲಿ ಬಿದಿರನ್ನು ಯಂತ್ರದ ಬಾಯಿಗೆ ಕೊಡುವುದು ಶೇಖಪ್ಪನ ಕೆಲಸ. ಕೈಗೆ ಸಿಕ್ಕ ಪುಸ್ತಕವನ್ನು ಅದೇ ರೀತಿ ನುಂಗುವುದು ಅವನ ಚಟ. ನವಲಗುಂದದ ಕಡೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಬಂದವನು. ಮುಂದಿನದೆಲ್ಲ ಸ್ವಂತ ಓದು. ಓದಿದ್ದು ಸೇರಿದರೆ ಅವನಿಗೆ ಸಿಟ್ಟು ಬರುತ್ತಿತ್ತು, ಸೇರದಿದ್ದರೆ ಇನ್ನೂ ಸಿಟ್ಟು ಬರುತ್ತಿತ್ತು. ಕೂಲಿಕಾರರ ವಾಚನಾಲಯದ ಗೋಡೆಗೆ ಅವನು ಅಂಟಿಸುತ್ತಿದ್ದ ವಿಮರ್ಶೆಗಳ ಮುಂದೆ ಜನ ಸೇರುತ್ತಿದ್ದರು. ಬಂದದ್ದು ಬೈಗುಳದ ರುಚಿಗೆ ಎಂಬುದು ಪಾಪ, ಅವನಿಗೆ ಗೊತ್ತಿರಲಿಲ್ಲ.

ಆ ಸಿಟ್ಟಿನ ದೊಡ್ಡ ಪಾಲು ಸಂದದ್ದು ಹಳಿಯಾಳದ ಮಲಘಾಣ ಮಾಸ್ತರರಿಗೆ. ಮಾಸ್ತರರು ಗ್ರಹಗಳ ಮೇಲೆ ಕಾದಂಬರಿ ಬರೆಯುವವರು. ರಷ್ಯಾದವರು ಮನುಷ್ಯನನ್ನು ಆಕಾಶಕ್ಕೆ ಹಾರಿಸಿದ ಮೇಲೆ ಅವರ ಪುಸ್ತಕಗಳು ಸಂತೆಯಲ್ಲಿ ಮೆಣಸಿನಕಾಯಿ ಪಕ್ಕದಲ್ಲೂ ಮಾರಾಟವಾದವು. ಅವರಿಗೆ ಅರವತ್ತು ತುಂಬಿತೆಂದು ಊರ ಹಿರಿಯರು ಅಭಿನಂದನ ಗ್ರಂಥಕ್ಕೆ ಹೊರಟರು. ಬದುಕಿರುವಾಗಲೇ ಮನುಷ್ಯನನ್ನು ಹಾರದಲ್ಲಿ ಹುಗಿಯುವ ಪದ್ಧತಿ ನಮ್ಮದು. ಸಮಿತಿಯ ಕಾರ್ಯದರ್ಶಿ, ಬಟ್ಟೆ ಅಂಗಡಿಯ ಚನಬಸಪ್ಪನವರು, ಕೃತಿಗಳ ಮೇಲಿನ ಲೇಖನವನ್ನು ಶೇಖಪ್ಪನಿಗೇ ವಹಿಸಿದರು. ಬೇರೆ ದಾರಿ ಇರಲಿಲ್ಲ. ಉಳಿದವರು ಹೊಗಳಲು ಒಪ್ಪಿದ್ದರು, ಓದಲು ಒಪ್ಪಿರಲಿಲ್ಲ.

ರಟ್ಟು ಹಾಕಿದ ಪುಸ್ತಕದಲ್ಲಿ ತನ್ನ ಹೆಸರು! ಶೇಖಪ್ಪನಿಗೆ ನೆಲ ಕಾಣಲಿಲ್ಲ.

"ಶನಿಗ್ರಹದ ಮ್ಯಾಲ ನೀರ ಐತೋ ಇಲ್ಲೋ ಆಮ್ಯಾಲ ಬರೀರಿ," ಎಂದಳು ಹೆಂಡತಿ ಮಾಲವ್ವ. "ಇಲ್ಲಿ ನಳಾ ಬಂದೈತಿ, ಕೊಡಾ ಹಿಡೀರಿ."

ಲೇಖನ ಚೆನ್ನಾಗಿಯೇ ಬಂತು. ಮಾಸ್ತರರ ಮೊದಲ ಕಾದಂಬರಿ 'ಶುಕ್ರದ ಮಳೆ'ಯಲ್ಲಿ ಮಳೆ ನಿಲ್ಲುವುದೇ ಇಲ್ಲ. ಒಣಗಿದ ಸೀರೆ ಹೇಗಿರುತ್ತದೆ ಎಂದು ಮುದುಕಿಯೊಬ್ಬಳು ಮೊಮ್ಮಕ್ಕಳಿಗೆ ಕತೆ ಹೇಳುತ್ತಾಳೆ. ಆ ಪುಟವನ್ನು ಬರೆದ ಕೈಗೆ ಕೈ ಮುಗಿಯಬೇಕು ಎಂದು ಶೇಖಪ್ಪ ಬರೆದ. ಎರಡನೆಯದು 'ಮಂಗಳದ ಮಾರ್ಗ'. ರಾಕೆಟ್ಟಿನಲ್ಲಿ ಕಿಟಕಿಯ ಜಾಗಕ್ಕೆ ಜನ ಲೋಂಡಾ ರೈಲಿನಲ್ಲಿ ಜಗಳಾಡಿದಂತೆ ಜಗಳಾಡುತ್ತಾರೆ. ಅದು ಸೈ. ನಾಯಕಿ ಮಾತ್ರ ಎಲ್ಲಿ ಇಳಿದರೂ ಮೂರ್ಛೆ ಹೋಗುತ್ತಾಳೆ. ಮನೆಯಲ್ಲೇ ಬಿಟ್ಟುಬಂದಿದ್ದರೆ ರಾಕೆಟ್ಟಿನ ಎಣ್ಣೆಯಾದರೂ ಉಳಿಯುತ್ತಿತ್ತು ಎಂದ.

ಮೂರನೆಯದು 'ಶನಿಯ ಬಳೆ'. ಅಲ್ಲಿ ರಾಜನ ಆಳುಗಳಿದ್ದಾರೆ: ಕಪ್ಪು ಮೈ, ಗುಂಗುರು ಕೂದಲು, ಎತ್ತಿನ ಬಲ, ಬಾಯಲ್ಲಿ ನಾಲಿಗೆಯಿಲ್ಲ. ಶೇಖಪ್ಪ ಬರೆದ: 'ಈ ಲೋಕದಲ್ಲಿ ಗಿಡಮರವಿಲ್ಲ ಎಂದು ಲೇಖಕರೇ ಹೇಳುತ್ತಾರೆ. ಆದರೂ ಪ್ರತಿ ಆಳಿನ ಸೊಂಟದಲ್ಲಿ ಕಟ್ಟಿಗೆ ಕಡಿಯುವ ಕತ್ತಿ! ಮಾಸ್ತರರು ಶನಿಗೆ ಹೋಗಿಲ್ಲ. ಹಳಿಯಾಳದ ಸಂತೆಯಲ್ಲಿ ನಿಂತು ಸಾಂಬ್ರಾಣಿ ಊರಿನ ಸಿದ್ದಿಗಳನ್ನು ದೂರದಿಂದ ನೋಡಿದ್ದಾರೆ. ಈ ಬಡ ಮುಗ್ಧ ಜನರಿಗೆ ಇದು ಅನ್ಯಾಯ.'

ಲೇಖನ ಓದಿದ ಚನಬಸಪ್ಪನವರು ದಾಂಡೇಲಿಗೇ ಬಂದು ಹೇಳಿದರು: "ಅದೊಂದ ಪ್ಯಾರಾ ತಗದ ಬಿಡ್ರಿ. ಉಳಿದದ್ದು ನಿಮ್ಮ ಹೆಸರಿನ ಸಮೇತ ಅಚ್ಚಾಗ್ತೈತಿ. ಇಲ್ಲಾಂದ್ರ ಒಂದ ಅಕ್ಷರಾನೂ ಇಲ್ಲ."

ಶೇಖಪ್ಪನ ಆತ್ಮಸಾಕ್ಷಿ ಅಂಥಾ ಹೊತ್ತಿನಲ್ಲಿ ಸ್ವಲ್ಪ ತೂಕಡಿಸುತ್ತಿತ್ತು. ಬಿದಿರಿನ ಅಂಗಳದಲ್ಲಿ ಲಾರಿ ಖಾಲಿ ಮಾಡುತ್ತಿದ್ದ ಮಿಂಗೇಲನ ಬಳಿ ಹೋದ. ಮಿಂಗೇಲ ಸಾಂಬ್ರಾಣಿಯ ಸಿದ್ದಿ, ಹಿಂದೆಂದೋ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಪೀಳಿಗೆ; ಶೇಖಪ್ಪನ ಚಹಾದ ಜೊತೆಗಾರ. 'ಇರಲಿ ಬಿಡ್ರಿ, ತಗೀರಿ' ಎಂದು ಮಿಂಗೇಲನೇ ಅಂದುಬಿಟ್ಟರೆ ಪಾಪ ಅವನಿಗೆ, ಪುಸ್ತಕ ತನಗೆ ಎಂಬ ಲೆಕ್ಕಾಚಾರ. ಪ್ಯಾರಾ ಓದಿ ತೋರಿಸಿದ.

"ನಾಲಿಗೀನ ಇಲ್ಲ?" ಮಿಂಗೇಲ ನಕ್ಕ. "ಅಂಥಾ ಆಳ ಸಿಕ್ಕರ ನಮ್ಮ ಮುಕಾದಮ ಎರಡ ಪಗಾರ ಕೊಟ್ಟ ಇಟ್ಕೋತಾನ!"

"ನಗಬ್ಯಾಡೋ ಮಾರಾಯಾ. ಇದನ್ನ ಇಡ್ಲೋ, ತಗೀಲೋ?"

"ಅದಿರ್ಲಿ ಶೇಖಪ್ಪಣ್ಣಾ, 'ಬಡ ಮುಗ್ಧ ಜನ' ಅಂದ್ರ ಯಾರು?"

"ನೀವ."

"ನಾ ಯಾವಾಗ ಮುಗ್ಧ ಆದೆ? ಹ್ವಾದ ಸಂತೀಗೆ ಬೆಲ್ಲದ ಪಾಕ ಬೆರೆಸಿದ ಜೇನು ನಿಮಗ ಕೊಟ್ಟಾಂವ ನಾನ!"

ಮಿಂಗೇಲನ ನಗು ನಿಂತಿತು.

"ಮಾಸ್ತರು ನಾಲಿಗೀ ಕಿತ್ತರು. ನೀವು ನಾಲಿಗೀ ಇಟ್ಟು ಬಾಯಿ ಕಟ್ಟೀರಿ. ಇದನ್ನ ಕೇಳಿ ನನಗ ಏನ ಅನಿಸ್ತು ಅಂತ ಕೇಳೀರೇನು? ತಗೀಬ್ಯಾಡ್ರಿ. ನಾ ಹೇಳ್ತೇನಿ, ಬರಕೊಳ್ರಿ. ಕೆಳಗ ನನ್ನ ಹೆಸರ ಹಾಕ್ರಿ."

ಕಡಿಮೆಯಾಗಬೇಕಿದ್ದ ಪ್ಯಾರಾ ಹೀಗೆ ಮಿಂಗೇಲನ ಮಾತೂ ಸೇರಿ ಎರಡಾಯಿತು. ಭಾನುವಾರ ಇಬ್ಬರೂ ಬಸ್ಸು ಹತ್ತಿ ಹಳಿಯಾಳಕ್ಕೆ ಹೋದರು. ಚನಬಸಪ್ಪನವರ ಅಂಗಡಿಯಲ್ಲಿ ಸತ್ಕಾರದ ಹೊಸ ಕೋಟಿಗೆ ಮಾಸ್ತರರು ಅಳತೆ ಕೊಡುತ್ತ ಎರಡೂ ಕೈ ಚಾಚಿ ನಿಂತಿದ್ದರು. ಅವರ ಮುಂದೆಯೇ ಶೇಖಪ್ಪ ಓದಬೇಕಾಯಿತು. ಎರಡೂ ಪ್ಯಾರಾ ಓದಿದ.

"ಅದೆಲ್ಲಾ ಕಲ್ಪನಾ," ಎಂದರು ಮಾಸ್ತರರು, ಕೈ ಇಳಿಸದೆ. "ಶನಿಗ್ರಹದವರು ಅವರು."

"ಹಂಗಿದ್ರ ಬೆಳ್ಳಗ ಮಾಡಬಹುದಿತ್ತಲ್ರೀ ಗುರುಗಳ," ಎಂದ ಮಿಂಗೇಲ. "ಕಲ್ಪನಾದಾಗ ಬಣ್ಣಕ್ಕ ಏನ ಬರಗಾಲ?"

ಅಳತೆ ಹಿಡಿದಿದ್ದ ಸಿಂಪಿಗನಿಗೆ ನಗು ತಡೆಯಲಾಗಲಿಲ್ಲ. ಚನಬಸಪ್ಪನವರು ಕಾಗದಗಳನ್ನು ಶೇಖಪ್ಪನ ಕಡೆಗೆ ತಳ್ಳಿ, "ಹೋಗಿ ಬರ್ರಿ," ಎಂದರು.

ಮೆಟ್ಟಿಲಿಳಿಯುವಾಗ ಮಾಸ್ತರರು ಕರೆದರು. ಈಗ ಆ ದನಿಯಲ್ಲಿ ಲೇಖಕ ಇರಲಿಲ್ಲ, ಅರವತ್ತು ವರ್ಷದ ಒಬ್ಬ ಮನುಷ್ಯ ಇದ್ದ. "ಶೇಖಪ್ಪಾ, ಆ ಮುದುಕೀ ಮಾತು, ಒಣಗಿದ ಸೀರೀದು... ಅದನ್ನ ಯಾರೂ ಗುರುತಿಸಿರಲಿಲ್ಲಪಾ. ಅಷ್ಟರ ಕೊಟ್ಟ ಹೋಗು."

ಶೇಖಪ್ಪ ಮೆಟ್ಟಿಲ ಮೇಲೆ ಹೊರಳಿ ನಿಂತ. ಆ ಪುಟ ಓದಿ ಅತ್ತವನು ಅವನು. ಅಷ್ಟು ಕೊಟ್ಟರೂ ಹೆಸರು ಅಚ್ಚಾಗುತ್ತಿತ್ತು.

"ಎರಡೂ ಬರದ ಕೈ ಒಂದ ಅಲ್ಲೇನ್ರೀ ಗುರುಗಳ?" ಎಂದ. "ಮುದುಕೀನ್ನ ಒಬ್ಬಾಕಿನ್ನ ಹೆಂಗ ಕಳಸ್ಲಿ? ಕೊಟ್ರ ಮುದುಕೀದು, ಆಳುಗಳದು ಎರಡೂ ಕೊಡ್ತೇನಿ."

ಮಾಸ್ತರರು ಮತ್ತೆ ಕೈ ಚಾಚಿದರು. ಸಿಂಪಿಗ ಅಳತೆ ಮುಂದುವರಿಸಿದ.

ಗ್ರಂಥ ಶೇಖಪ್ಪನಿಲ್ಲದೆಯೇ ಹೊರಬಂತು, ಬಹಳ ದಪ್ಪವಾಗಿ. ಆ ಭಾನುವಾರ ಹಳಿಯಾಳದಿಂದ ಮರಳುವಾಗ ಮಾತ್ರ, ಮುಖ ಊದಿಸಿಕೊಂಡು ಕೂತಿದ್ದ ಅವನನ್ನು ಮಿಂಗೇಲ ಸಾಂಬ್ರಾಣಿಯಲ್ಲಿ ತೋಳು ಹಿಡಿದು ಬಸ್ಸಿನಿಂದ ಇಳಿಸಿದ. ಮಿಂಗೇಲನ ಮನೆಯಂಗಳದಲ್ಲಿ ಲೇಖನ ಕೇಳಲು ಹತ್ತಾರು ಜನ ಸೇರಿದರು. ಶೇಖಪ್ಪ ಗಂಟಲು ಸರಿಮಾಡಿಕೊಂಡು ಆರಂಭಿಸಿದ: "ಮಲಘಾಣ ಮಾಸ್ತರರ ಸಾಹಿತ್ಯಸೃಷ್ಟಿಯನ್ನು ಸ್ಥೂಲವಾಗಿ ಮೂರು ಘಟ್ಟಗಳಲ್ಲಿ..."

"ತಡೀರಿ ತಡೀರಿ," ಎಂದಳು ಮಿಂಗೇಲನ ಚಿಕ್ಕಮ್ಮ ಕಾತರಿನಾ. "ಸ್ಥೂಲ ಅಂದ್ರ ಏನ್ರೀ? ನಮಗ ತಿಳೀಬಾರದು ಅಂತ ಬರದೀರೇನು?"

ಶೇಖಪ್ಪನಿಗೆ ರೇಗಿತು. ಆಮೇಲೆ ಕಿವಿಯ ಸಂದಿನಿಂದ ಪೆನ್ಸಿಲು ತೆಗೆದು ಆ ಮೊದಲ ಸಾಲಿನ ಮೇಲೆ ಅಡ್ಡಗೆರೆ ಎಳೆದ.