ಹುಳುಮನೆಯ ಹೊರಗಿನ ತೋಳ

ನನ್ನ ವಾರಗಿತ್ತಿ ಫೋನಿನ ಆ್ಯಪಿನಲ್ಲಿ ತೋಳದ ಕಥೆ ಬರೆಯುತ್ತಾಳೆಂದು ನನಗೆ ಹೇಳಿದ್ದು ನರಸಾಪುರದ ಫ್ಯಾಕ್ಟರಿಗೆ ಹೋಗುವ ಪಕ್ಕದ ಮನೆಯವಳು. ಕಂಪನಿ ಬಸ್ಸಿನಲ್ಲಿ ಹೆಂಗಸರೆಲ್ಲ ಓದುತ್ತಾರಂತೆ, ಕಂತು ತಡವಾದರೆ ಬೈದುಕೊಳ್ಳುತ್ತಾರಂತೆ. ನನಗೆ ಹೊಟ್ಟೆ ಉರಿಯಿತು. ಮದುವೆಗೆ ಮುಂಚಿನಿಂದ ಕಥೆ ಬರೆದು, ಪತ್ರಿಕೆಗಳಿಗೆ ಕಳಿಸಿ, ಉತ್ತರಕ್ಕೆ ಕಾದು ಕಾದು ಸುಮ್ಮನಾದವಳು ನಾನು. ಅವಳೋ ಶ್ರೀನಿವಾಸಪುರದ ಕಡೆಯವಳು, ತವರಿನ ಮಾತು ತೆಲುಗು. ಒಂದು ಅರ್ಜಿ ಬರೆಯಬೇಕಾದರೂ ನನ್ನ ಹತ್ತಿರ ಬರುತ್ತಿದ್ದಳು.

ಹುತ್ತೂರಿನ ಹತ್ತಿರ ನಮ್ಮದು ರೇಷ್ಮೆ ಬೆಳೆಯುವ ಮನೆ. ಹುಳುಮನೆಯಲ್ಲಿ ಸೊಪ್ಪು ಹಾಕುವುದು ನನ್ನ ಕೆಲಸ. ಅವಳು ಅದರ ಹೊಸ್ತಿಲು ದಾಟುವಂತಿರಲಿಲ್ಲ. ಹೊಗೆಸೊಪ್ಪು ಮುಟ್ಟಿದ ಕೈ ತಾಗಿದ ಎಲೆ ತಿಂದರೆ ಹುಳು ವಾಂತಿ ಮಾಡಿಕೊಂಡು ಸಾಯುತ್ತವೆ. ಹಲ್ಲುನೋವಿಗೆಂದು ಅವಳಜ್ಜಿ ಕೊಟ್ಟ ಹೊಗೆಸೊಪ್ಪಿನ ಕಡ್ಡಿಪುಡಿ ಅವಳಿಗೆ ಬಿಡಲಾಗದ ಚಟವಾಗಿತ್ತು. ಹಾಗಾಗಿ ಅವಳ ಪಾಲಿಗೆ ಅಡುಗೆ ಮತ್ತು ಹಸು. ಹುಳು ನಾಲ್ಕನೇ ಸಲ ಪೊರೆ ಕಳಚಿ, ಅಂದರೆ ನಾಲ್ಕನೇ ಜ್ವರ ಎದ್ದು, ಸೊಪ್ಪಿಗೆ ಬಾಯಿಬಿಡುವಾಗ ನನಗೆ ಬೆನ್ನು ನೆಟ್ಟಗೆ ಮಾಡಲೂ ಪುರುಸೊತ್ತಿಲ್ಲ. ಕಿಟಕಿಯ ಬಲೆಯಾಚೆ ಅವಳು ಹೊಂಗೆಮರದಡಿ ಕೂತು, ಕೆನ್ನೆಯೊಳಗೆ ಉಂಡೆ ಇಟ್ಟುಕೊಂಡು, ಹೆಬ್ಬೆರಳಲ್ಲಿ ಟೈಪ್ ಮಾಡುತ್ತಿದ್ದಳು. ಚಟ ಇರುವವಳಿಗೆ ನೆರಳು, ಇಲ್ಲದವಳಿಗೆ ಸೊಪ್ಪಿನ ಬುಟ್ಟಿ. ಇದೆಂಥ ನ್ಯಾಯ?

ತಪ್ಪು ಹುಡುಕಲೆಂದೇ ಓದಲು ಕೂತೆ. ಕಥೆಯ ನಾಯಕಿ ಹುಣ್ಣಿಮೆಗೆ ತೋಳವಾಗುತ್ತಾಳೆ. ಬಾಯಲ್ಲಿ ಕಡ್ಡಿಪುಡಿ ಇದ್ದರೆ ತೋಳ ಮಲಗಿರುತ್ತದೆ, ಬಿಟ್ಟರೆ ಎದ್ದು ಬರುತ್ತದೆ. ಅದಕ್ಕೇ ಬಿಡಲಾರಳು. ಮಗುವಿನ ಮೇಲೆ ಆಣೆ ಇಡುತ್ತಾಳೆ, ಮಾರನೇ ದಿನವೇ ಮುರಿಯುತ್ತಾಳೆ, ಪೊಟ್ಟಣವನ್ನು ಅಕ್ಕಿ ಡಬ್ಬಿಯೊಳಗೆ ಬಚ್ಚಿಡುತ್ತಾಳೆ. ಮನೆಯಲ್ಲೊಬ್ಬ ಅಕ್ಕ ಇದ್ದಾಳೆ, ಇವಳನ್ನು ಕಂಡರೆ ಬಾಗಿಲು ಹಾಕಿಕೊಳ್ಳುವವಳು. ಓದುಗರು ಕೆಳಗೆ ಬರೆದಿದ್ದರು: ಆ ಅಕ್ಕ ಹೆಂಗಸಲ್ಲ, ಕಲ್ಲು.

ಕಥೆ ಚೆನ್ನಾಗಿತ್ತು. ನನಗೆ ತಡೆಯಲಾಗದ್ದು ಅದೇ.

"ಆ ಕಲ್ಲು ನಾನೇನೇ?" ಎಂದು ಕೇಳೇಬಿಟ್ಟೆ.

"ಅಮ್ಮೋ! ಅಕ್ಕಾ, ನೀವ್ ಓದ್ಬಿಟ್ರಾ?" ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಕೊನೇಗ್ ಏನಾಗ್ತಾಳೆ ಅವ್ಳು?"

"ನಂಗೇನ್ ಗೊತ್ತಕ್ಕ? ಬಿಡೋದ್ ಹೆಂಗಿರುತ್ತೆ ಅಂತ ಬರೀಬೇಕಂದ್ರೆ ನಾನು ಬಿಟ್ಟಿರ್ಬೇಕಲ್ಲ."

ಮುಂದಿನ ಬೆಳೆಗೆ ಹುಳುವಿನ ಮೊಟ್ಟೆ ತಂದ ದಿನ ಅವಳು ಪೊಟ್ಟಣವನ್ನು ಒಲೆಗೆ ಹಾಕಿದಳು. ಆಮೇಲೆ ಮನೆಯಲ್ಲಿ ಪಾತ್ರೆಗಳಿಗೆ ಉಳಿಗಾಲವಿರಲಿಲ್ಲ. ತಲೆಶೂಲೆ, ನಡುಕ, ತನ್ನ ಮಗುವಿಗೆ ಏಟು, ಆಮೇಲೆ ಅದನ್ನು ತಬ್ಬಿಕೊಂಡು ಅಳು. ಕಂತುಗಳು ನಿಂತುಹೋದವು. ಬಸ್ಸಿನ ಹೆಂಗಸರು ಬೈಯುತ್ತಿದ್ದಾರೆಂದು ಕೇಳಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಹುಳು ನಾಲ್ಕನೇ ಜ್ವರ ಎದ್ದ ಬೆಳಿಗ್ಗೆ ಅವಳು ಹುಳುಮನೆಯ ಹೊಸ್ತಿಲಲ್ಲಿ ಬಂದು ನಿಂತಳು. ಯಾರೇ ಒಳಗೆ ಬರಲಿ, ಒಳಗಿರುವವಳು ಅವರ ಕೈ ಮೂಸಿ ನೋಡಿಯೇ ಬಿಡಬೇಕು, ಅದು ನಮ್ಮತ್ತೆ ಮಾಡಿದ ಕಟ್ಟಳೆ. ಅವಳು ಎರಡೂ ಕೈ ಚಾಚಿದಳು.

"ಮೂಸಿ ನೋಡಿ, ಅಕ್ಕ."

ಸೋಪಿನ ವಾಸನೆ. ಉಗುರಿನ ಸಂದಿಯಲ್ಲೂ ಸೋಪು. ಘಾಟು ಇದೆ ಅಂದಿದ್ದರೆ ಮುಗಿಯುತ್ತಿತ್ತು; ನನ್ನ ಮೂಗನ್ನು ಈ ಮನೆಯಲ್ಲಿ ಯಾರೂ ಅನುಮಾನಿಸುವುದಿಲ್ಲ. ಅವಳು ಹೋಗಿ ಮತ್ತೆ ಪೊಟ್ಟಣ ಬಿಚ್ಚುತ್ತಿದ್ದಳು, ಕಥೆ ಅಲ್ಲೇ ಕೊಳೆಯುತ್ತಿತ್ತು. ಆ ಮಾತು ನಾಲಿಗೆ ತುದಿಯವರೆಗೂ ಬಂದಿತ್ತು. ಅವಳ ಕೈ ಬಿಟ್ಟು ಪಕ್ಕಕ್ಕೆ ಸರಿದೆ.

"ಒಳಗ್ ಬಾ. ಬಾಗ್ಲು ಹಾಕು, ಊಜಿ ನೊಣ ಬಂದ್ರೆ ಹುಳು ಸಾಯ್ತವೆ," ಎಂದೆ.

ಒಂದು ಹುಳುವೂ ಸಾಯಲಿಲ್ಲ. ಕೊನೆಯ ಕಂತಿನಲ್ಲಿ ಅಕ್ಕ ತೋಳದ ಕೈ ಮೂಸಿ ಬಾಗಿಲು ತೆಗೆಯುತ್ತಾಳೆ. ಅಕ್ಕನೇ ನಿಜವಾದ ಹೀರೋಯಿನ್ ಎಂದು ಓದುಗರು ಕಣ್ಣೀರು ಹಾಕಿದರು. ಆ ಹೊಗಳಿಕೆಯೂ ಅವಳ ಹೆಸರಿಗೇ ಹೋಯಿತು.

ಈಗ ಕೆಲಸ ಹಂಚಿಕೊಂಡಿದ್ದೇವೆ. ಹೊಂಗೆಮರದ ನೆರಳು ನನಗೂ ಸಿಕ್ಕಿದೆ. ಪುರುಸೊತ್ತಿಲ್ಲ ಎಂದು ಇಷ್ಟು ವರ್ಷ ಹೇಳುತ್ತಿದ್ದವಳು ಮೊನ್ನೆ ಫೋನು ಹಿಡಿದು ಕೂತೆ. ಒಂದು ಸಾಲು ಬರೆದೆ, ಅಳಿಸಿದೆ. ಒಳಗೆ ಹುಳು ಸೊಪ್ಪು ಮೇಯುವ ಸದ್ದು.

"ಏನ್ ಬರೀತಿದೀರಕ್ಕ?" ಬಲೆಯಾಚೆಯಿಂದ ಅವಳು ಕೇಳಿದಳು.

"ನಿನ್ ಬಗ್ಗೇನೇ ಕಣೇ," ಎಂದೆ.

ಬೇರೇನೂ ಹೊಳೆದಿರಲಿಲ್ಲ.